ದೆವ್ವದ ಫೋಟೊಗೆ ಕ್ಯಾಪ್ಶನ್ ಬರೆದವರು, ಬರೆಯದವರು

ಭಾಗ 1/9: ಹುಣಸೆಮರ

ಸ್ಲೈಡ್‌ನಲ್ಲಿ ಇರೋದು ಬರೀ ಒಂದು ಹುಣಸೆಮರ. ಮಟಮಟ ಮಧ್ಯಾಹ್ನ ತೆಗೆದಿದ್ದು. ಇದೇ ಮರದ ಇನ್ನೊಂದು ಫೋಟೊ ನಿಮ್ಮಲ್ಲಿ ಕೆಲವರಿಗೆ ವಾಟ್ಸಾಪ್‌ನಲ್ಲಿ ಬಂದಿರುತ್ತೆ. ಬಿಳಿ ಸೀರೆ, ಮುಖದ ತುಂಬ ಕೂದಲು, ಹಿಂದೆ ಕೆರೆ ನೀರು. ಅದನ್ನ ತೆಗೆದವನು ನಾನು. ಅದರಲ್ಲಿ ಇರೋದು ನಮ್ಮ ಕ್ಲಾಸಿನ ಹುಡುಗಿ.

ಹೋದ ವರ್ಷ ಮಹಾಲಯ ಅಮಾವಾಸ್ಯೆ ಹಿಂದಿನ ದಿನ ಸಂಜೆ ನಾವು ನಾಲ್ಕು ಜನ ಕೆರೆ ಏರಿ ಮೇಲೆ ಹೋದ್ವಿ. ಒಂದು ಫೋನು, ಒಂದು ಟಾರ್ಚು, ಒಂದು ಸ್ಕೂಟರ್ ಹೆಡ್‌ಲೈಟು, ಇಷ್ಟೇ ಸಾಮಾನು. ಫೋಟೊ ಚೆನ್ನಾಗೇ ಬಂತು. ಪೋಸ್ಟ್ ಮಾಡುವಾಗ ಕ್ಯಾಪ್ಶನ್ ಜಾಗದಲ್ಲಿ ಊರಿನ ಹೆಸರು ಹಾಕಿ, ಮುಂದೆ ಮೂರು ಚುಕ್ಕಿ ಇಟ್ಟೆ. ಜಾಸ್ತಿ ಬರೆದ್ರೆ ಮಜಾ ಹೋಗುತ್ತೆ ಅಂತ ಅನ್ಸಿತ್ತು.

ಎರಡೇ ದಿನಕ್ಕೆ ಯಾರೋ ನನ್ನ ಹೆಸರು ಕತ್ತರಿಸಿ, "ನಿನ್ನೆ ರಾತ್ರಿ ಬೈಕಲ್ಲಿ ಹೋಗುತ್ತಿದ್ದವರಿಗೆ ಕಂಡದ್ದು" ಅಂತ ಸೇರಿಸಿ ಬಿಟ್ರು. ಅಲ್ಲಿಂದ ಅದು ಗ್ರೂಪಿಂದ ಗ್ರೂಪಿಗೆ ಹೋಯ್ತು. ಬೆಳಿಗ್ಗೆ ಐದೂವರೆಗೆ ಅದೇ ಏರಿ ಮೇಲೆ ಡೇರಿಗೆ ಹಾಲು ಹಾಕೋಕೆ ಹೋಗ್ತಿದ್ದ ಹೆಂಗಸರು ಸುತ್ತು ಹಾದಿ ಹಿಡಿದ್ರು. ಟ್ಯೂಷನ್ ಮುಗಿಸಿ ಬರೋ ಮಕ್ಕಳನ್ನ ಅಪ್ಪ ಅಮ್ಮ ಕರೆದುಕೊಂಡು ಬರೋ ಹಾಗಾಯ್ತು. ನನ್ನ ಗೆಳತಿ ಬಸ್ ಹತ್ತಿದ್ರೆ ಹಿಂದಿನ ಸೀಟಿಂದ "ಮೋಹಿನಿ ಬಂತು" ಅನ್ನೋರು. ಅವಳಜ್ಜಿ ತಾಯಿತ ಕಟ್ಟಿಸಿದ್ರು. ಆಮೇಲೆ ಅವಳು ಕ್ಯಾಮೆರಾ ಮುಂದೆ ಬರೋದನ್ನೇ ಬಿಟ್ಟಳು. ಕ್ಲಾಸಿನ ಗ್ರೂಪ್ ಫೋಟೊದಲ್ಲೂ "ನಾನೇ ತೆಗೀತೀನಿ, ನೀವು ನಿಂತ್ಕೊಳ್ಳಿ" ಅಂತ ಫೋನ್ ಇಸ್ಕೊಂಡಳು.

ಈ ವರ್ಷ ಮತ್ತೆ ಶೂಟ್ ಮಾಡೋಣ ಅಂತ ಹಿಂಜರೀತಾನೇ ಕೇಳಿದೆ. ಅವಳು ಬೇಡ ಅನ್ನಲಿಲ್ಲ. "ನಮಗಿಂತ ಮೊದಲು ಇಂಥ ಫೋಟೊ ಯಾರ್ ಯಾರು ತೆಗೆದರು, ಅದರಲ್ಲಿ ಇದ್ದವರಿಗೆ, ಅದನ್ನ ನೋಡಿದವರಿಗೆ ಏನಾಯ್ತು, ಓದ್ಕೊಂಡು ಬಾ. ಆಮೇಲೆ ಹೇಳ್ತೀನಿ" ಅಂದಳು.

ಈ ಸರಣಿ ನಾನು ಓದಿಕೊಂಡು ಬಂದಿದ್ದು. ಲೈಟಿಂಗ್ ಟಿಪ್ಸ್‌ಗೆ ಅಂತ ಬಂದವರಿಗೂ ಪ್ರತಿ ಭಾಗದಲ್ಲಿ ಏನಾದ್ರೂ ಸಿಗುತ್ತೆ. ಯಾಕಂದ್ರೆ ಭಯದ ಚಿತ್ರದ ಇತಿಹಾಸ ಅಂದ್ರೆ ಮುಕ್ಕಾಲು ಪಾಲು ಬೆಳಕಿನ ಇತಿಹಾಸವೇ.

ಭಾಗ 2/9: ಕತ್ತಲನ್ನ ಮಾಡೋದು ಹೇಗೆ

ಕ್ಯಾಮೆರಾ ಹುಟ್ಟೋದಕ್ಕೆ 40 ವರ್ಷ ಮೊದಲಿನ ಪ್ಯಾರಿಸ್‌ಗೆ ಬನ್ನಿ. ಫ್ರೆಂಚ್ ಕ್ರಾಂತಿ ಮುಗಿದು ಕೆಲವೇ ವರ್ಷ ಆಗಿತ್ತು. ಎಷ್ಟೋ ಮನೆಗಳಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟವರ ನೆನಪು ಇನ್ನೂ ಹಸಿಯಾಗಿತ್ತು. ಆ ಹೊತ್ತಲ್ಲಿ ಎಟಿಯೆನ್ ಗಾಸ್ಪಾರ್ ರಾಬರ್ಟ್ ಅನ್ನೋನು ರಾಬರ್ಟ್‌ಸನ್ ಅಂತ ಹೆಸರಿಟ್ಟುಕೊಂಡು 1798ರಲ್ಲಿ ಒಂದು ಶೋ ಶುರು ಮಾಡಿದ. ಅದರ ಹೆಸರು ಫ್ಯಾಂಟಸ್ಮಗೋರಿಯಾ. ಮುಂದಿನ ವರ್ಷ ಅದನ್ನ ಪಾಳುಬಿದ್ದ ಒಂದು ಕಪುಚಿನ್ ಮಠಕ್ಕೆ ಸಾಗಿಸಿದ. ಜನ ಗೋರಿಗಳಿದ್ದ ಮಠ ದಾಟಿಕೊಂಡು ಒಳಗೆ ಬರಬೇಕು. ಬಾಗಿಲು ಮುಚ್ಚುತ್ತೆ, ದೀಪ ಆರುತ್ತೆ, ಗಾಳಿಯಲ್ಲಿ ಒಂದು ಪ್ರೇತ ಮೂಡಿ ನೋಡುವವರ ಕಡೆಗೇ ಬೆಳೆಯುತ್ತಾ ಬರುತ್ತೆ.

ಉಪಾಯ ಸರಳ. ಪರದೆ ಹಿಂದೆ ಗಾಲಿ ಇರೋ ಮ್ಯಾಜಿಕ್ ಲ್ಯಾಂಟರ್ನ್ ಇಟ್ಟು ಹಿಂದೆ ಮುಂದೆ ತಳ್ಳೋದು. ದೂರ ಹೋದಷ್ಟೂ ಬಿಂಬ ದೊಡ್ಡದಾಗುತ್ತೆ. ಆದ್ರೆ ನಮಗೆ ಬೇಕಾದ ಪಾಠ ಗಾಜಿನ ಸ್ಲೈಡಲ್ಲಿದೆ. ಆಕೃತಿ ಬಿಟ್ಟು ಉಳಿದ ಗಾಜಿಗೆಲ್ಲ ಅವನು ಕಪ್ಪು ಬಳಿದಿದ್ದ. ಸುತ್ತ ಚೌಕಟ್ಟು ಕಾಣಲ್ಲ, ಗೋಡೆ ಕಾಣಲ್ಲ. ಬೆಳಕು ಬಿದ್ದಿರೋದು ಪ್ರೇತದ ಮೇಲೆ ಮಾತ್ರ. ಹಾಗಾಗಿ ಅದು ತೇಲಿದ ಹಾಗೆ ಕಾಣುತ್ತೆ.

ಹೊರಗಡೆ ನಾವು ಮರಗಿಡಕ್ಕೆ ಕಪ್ಪು ಬಳಿಯೋಕಾಗಲ್ಲ. ಆದ್ರೆ ದೂರ ಆ ಕೆಲಸ ಮಾಡುತ್ತೆ. ಸಣ್ಣ ದೀಪದ ಬೆಳಕು ದೂರ ಎರಡರಷ್ಟಾದ್ರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ನಾಲ್ಕರಷ್ಟಾದ್ರೆ ಹದಿನಾರನೇ ಒಂದಕ್ಕೆ. ಟಾರ್ಚ್ ಮುಖದಿಂದ 1 ಮೀಟರ್ ದೂರದಲ್ಲಿದ್ದು, ಮರ ಟಾರ್ಚಿಂದ 4 ಮೀಟರ್ ದೂರದಲ್ಲಿದ್ರೆ, ಮರಕ್ಕೆ ಬೀಳೋದು ಮುಖದ ಬೆಳಕಿನ ಹದಿನಾರನೇ ಒಂದು ಭಾಗ. ಮುಖಕ್ಕೆ ಎಕ್ಸ್‌ಪೋಷರ್ ಸರಿ ಮಾಡಿ, ಹಿಂದಿನದು ತಾನಾಗೇ ಕಪ್ಪಾಗುತ್ತೆ. ಹೋದ ವರ್ಷ ನಾವು ಸ್ಕೂಟರ್ ಹೆಡ್‌ಲೈಟನ್ನ 8 ಮೀಟರ್ ದೂರ ನಿಲ್ಸಿದ್ವಿ. ಅವಳು, ಮರ, ಹಿಂದಿನ ಕರೆಂಟ್ ಕಂಬ, ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ಬೆಳಕು ಬಿತ್ತು. ಆ ಕಂಬ ನೋಡಿಯೇ ಜನ ಜಾಗ ಗುರುತಿಸಿದ್ದು.

ರಾಬರ್ಟ್‌ಸನ್ ತಾನು ತೋರಿಸೋದು ವಿಜ್ಞಾನದ ಆಟ ಅಂತಲೇ ಹೇಳಿಕೊಂಡಿದ್ದ. ಜನ ಆದ್ರೂ ಹೆದರಿದ್ರು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/9: ಮುಳುಗಿ ಸತ್ತವನು

ಭಯದ ಪೋರ್ಟ್ರೇಟ್‌ಗೆ ಮೊದಲು ಪೋಸ್ ಕೊಟ್ಟವರಲ್ಲಿ ನಮಗೆ ಹೆಸರು ಗೊತ್ತಿರೋನು ಒಬ್ಬ ಸರ್ಕಾರಿ ಗುಮಾಸ್ತ. ಹೆಸರು ಇಪ್ಪೊಲಿಟ್ ಬಯಾರ್. ಪ್ಯಾರಿಸ್‌ನವನು. ಕಾಗದದ ಮೇಲೆ ನೇರವಾಗಿ ಚಿತ್ರ ಮೂಡಿಸೋ ತನ್ನದೇ ವಿಧಾನವನ್ನ 1839ರಲ್ಲೇ ಕಂಡುಹಿಡಿದಿದ್ದ. ಆದ್ರೆ ಅದೇ ವರ್ಷ ಫ್ರೆಂಚ್ ಸರ್ಕಾರದ ಗೌರವ, ಪಿಂಚಣಿ ಎಲ್ಲಾ ಹೋಗಿದ್ದು ಲೂಯಿ ಡಗೇರ್ ಕಡೆಗೆ. ಬಯಾರ್‌ಗೆ ಸಿಕ್ಕಿದ್ದು ಬಹಳ ಕಮ್ಮಿ.

ಅವನು ಸಿಟ್ಟನ್ನ ಫೋಟೊ ಮಾಡಿದ. 1840ರ ಅಕ್ಟೋಬರ್. ಬರಿ ಮೈ, ಸೊಂಟದ ಕೆಳಗೆ ಬಟ್ಟೆ, ಕಣ್ಣು ಮುಚ್ಚಿ ಒಂದು ಪಕ್ಕಕ್ಕೆ ವಾಲಿದ ಹೆಣ. ಪಕ್ಕದಲ್ಲಿ ಅಗಲ ಅಂಚಿನ ಹುಲ್ಲಿನ ಟೋಪಿ. ಹೆಣ ಅವನೇ, ಫೋಟೊಗ್ರಾಫರ್ ಕೂಡ ಅವನೇ. ಬೆಳಕು ಸೂರ್ಯನದು. ಆ ಕಾಲದ ವಿಧಾನಕ್ಕೆ ಹಲವು ನಿಮಿಷ ಅಲ್ಲಾಡದೆ ಇರಬೇಕಿತ್ತು, ಅಷ್ಟು ಹೊತ್ತು ರೆಪ್ಪೆ ಬಡಿಯದೆ ಕಣ್ಣು ಬಿಟ್ಟು ಕೂರೋಕೆ ಯಾರಿಗೂ ಆಗಲ್ಲ. ಹೆಣದ ಪಾತ್ರ ತಾಂತ್ರಿಕವಾಗಿಯೂ ಅನುಕೂಲ ನೋಡಿ.

ಈ ಫೋಟೊ ಹಿಂದುಗಡೆ ಅವನು ಒಂದು ಟಿಪ್ಪಣಿ ಬರೆದ. ಇದು ಬಯಾರ್‌ನ ಶವ, ಸರ್ಕಾರ ಡಗೇರ್‌ಗೆ ಎಲ್ಲಾ ಕೊಟ್ಟು ಇವನಿಗೆ ಏನೂ ಮಾಡಲಿಲ್ಲ, ಪಾಪ ನೀರಿಗೆ ಹಾರಿಕೊಂಡ, ಶವಾಗಾರದಲ್ಲಿ ಎಷ್ಟೋ ದಿನ ಬಿದ್ದಿದ್ರೂ ಕೇಳೋರಿಲ್ಲ, ಮುಖ ಕೈ ಕೊಳೆಯೋಕೆ ಶುರುವಾಗಿದೆ ನೋಡಿ ಅನ್ನೋ ಅರ್ಥದ ಮಾತು. ನಿಜವಾಗಿ ಮುಖ, ಕೈ ಕಪ್ಪಾಗಿ ಬಂದಿದ್ದು ಬಿಸಿಲಿಗೆ ಅವನ ಚರ್ಮ ಬಣ್ಣ ತಿರುಗಿದ್ದಕ್ಕೆ. ಬರಹದ ಕೆಳಗೆ ತನ್ನದೇ ಹೆಸರಿನ ಮೊದಲಕ್ಷರ, ತಾರೀಖು. ಸತ್ತವನು ತಾನೇ ಸಹಿ ಹಾಕಿದ್ದಾನೆ! ಓದಿದವರಿಗೆ ಇದು ನಾಟಕ, ಜೊತೆಗೆ ದೂರು ಅಂತ ಗೊತ್ತಾಗುತ್ತೆ. ಅವನು 1887ರವರೆಗೂ ಬದುಕಿದ್ದ.

ಅಂದ್ರೆ ಈ ಜಾತಿಯ ಫೋಟೊ ಹುಟ್ಟಿದ್ದೇ ಕ್ಯಾಪ್ಶನ್ ಸಮೇತ. ಇದನ್ನ ಓದಿದಾಗ ನನ್ನ ಮೂರು ಚುಕ್ಕಿ ನೆನಪಾಗಿ ನಾಚಿಕೆ ಆಯ್ತು.

ಶೂಟ್‌ಗೆ ಬೇಕಾದ ಪಾಠ: ಬಯಾರ್‌ನ ಚಿತ್ರದಲ್ಲಿ ರಕ್ತ ಇಲ್ಲ, ಕೋರೆಹಲ್ಲು ಇಲ್ಲ. ವಾಲಿದ ತಲೆ, ಸಡಿಲ ಬಿಟ್ಟ ಕೈ, ಯಾರೂ ಹಾಕಿಕೊಳ್ಳದ ಟೋಪಿ. ಮೇಕಪ್‌ಗಿಂತ ಮೊದಲು ಮೈ ಹೇಗೆ ನಿಲ್ಲುತ್ತೆ ಅಂತ ನೋಡಿ. ನಿಮ್ಮ ಮಾಡೆಲ್‌ಗೆ "ಹೆದರಿಸು" ಅನ್ನೋದು ಬಿಟ್ಟು, "ಭುಜ ಬಿಡು, ಬೆರಳು ಬಿಡು, ಉಸಿರು ಪೂರ್ತಿ ಹೊರಗೆ ಹಾಕು" ಅಂತ ಹೇಳಿ. ಆಗ ಕ್ಲಿಕ್ ಮಾಡಿ.

ಭಾಗ 4/9: ಒಂದೇ ಉಪಾಯ, ಎರಡು ದಾರಿ

ಪಾರದರ್ಶಕ ದೆವ್ವ ಮಾಡೋದು ಹೇಗೆ ಅಂತ 1856ರಲ್ಲೇ ಪುಸ್ತಕದಲ್ಲಿ ಬರೆದವರು ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್. ಕ್ಯಾಮೆರಾ ತೆರೆದಿಟ್ಟಿರೋ ಅಷ್ಟು ಹೊತ್ತಲ್ಲಿ ಒಬ್ಬ ವ್ಯಕ್ತಿ ಸ್ವಲ್ಪ ಹೊತ್ತು ಮಾತ್ರ ನಿಂತು ಆಚೆ ಹೋದ್ರೆ, ಅವನ ಮೂಲಕ ಹಿಂದಿನ ಗೋಡೆ ಕಾಣುತ್ತೆ. ಲಂಡನ್ನಿನ ಒಂದು ಕಂಪನಿ ಇದೇ ರೀತಿ ದೆವ್ವದ ಕಾರ್ಡುಗಳನ್ನ ಮಾಡಿ, ಈ ಐಡಿಯಾ ಬ್ರೂಸ್ಟರ್ ಅವರದು ಅಂತ ಕಾರ್ಡ್ ಮೇಲೇ ಅಚ್ಚು ಹಾಕಿ ಮಾರಿತು. ಮಕ್ಕಳು ನೋಡಿದ್ರು, ದೊಡ್ಡವರು ನಕ್ಕರು, ಯಾರಿಗೂ ಮೋಸ ಆಗಲಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ಬಾಸ್ಟನ್‌ನಲ್ಲಿ ವಿಲಿಯಂ ಮಮ್ಲರ್ ಅಂತ ಒಬ್ಬ ಆಭರಣಗಳ ಮೇಲೆ ಕೆತ್ತನೆ ಮಾಡೋನು ಇದ್ದ. 1860ರ ದಶಕದ ಶುರುವಲ್ಲಿ ತನ್ನದೇ ಫೋಟೊ ತೆಗೆದುಕೊಂಡಾಗ ಪಕ್ಕದಲ್ಲಿ ಮಸುಕಾದ ಹುಡುಗಿಯೊಬ್ಬಳು ಬಂದಳು, ಅವಳು ಸತ್ತುಹೋದ ನನ್ನ ಸಂಬಂಧಿ ಅಂತ ಹೇಳಿಕೊಂಡ. ಸುದ್ದಿ ಹಬ್ಬಿತು. ಅದು ಅಮೆರಿಕದ ಅಂತರ್ಯುದ್ಧದ ಕಾಲ. 1861ರಿಂದ 1865ರೊಳಗೆ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಎಷ್ಟೋ ಮನೆಗಳಿಗೆ ಹೆಣವೂ ಬರಲಿಲ್ಲ. ಅಂಥ ಮನೆಯವರು ಮಮ್ಲರ್ ಮುಂದೆ ದುಡ್ಡು ಕೊಟ್ಟು ಕೂತರು. ಫೋಟೊದಲ್ಲಿ ಭುಜದ ಹಿಂದೆ ಮಸುಕಾದ ಮುಖ ಕಂಡಾಗ "ನನ್ನ ಮಗ" ಅಂದರು, "ನನ್ನ ಗಂಡ" ಅಂದರು.

ಆಮೇಲೆ ಗೊತ್ತಾಯ್ತು, ಅವನ ಕೆಲವು ಪ್ರೇತಗಳು ಬಾಸ್ಟನ್‌ನಲ್ಲೇ ಓಡಾಡಿಕೊಂಡಿರೋ ಬದುಕಿರುವ ಜನ! ಅವನು ನ್ಯೂಯಾರ್ಕ್‌ಗೆ ಜಾಗ ಬದಲಿಸಿದ. 1869ರಲ್ಲಿ ವಂಚನೆಯ ಕೇಸಾಯ್ತು. ಸರ್ಕಸ್ ಖ್ಯಾತಿಯ ಪಿ.ಟಿ. ಬಾರ್ನಂ ಅವನ ವಿರುದ್ಧ ಸಾಕ್ಷಿ ಹೇಳಿದ. ಅಬ್ರಹಾಂ ಬೊಗಾರ್ಡಸ್ ಅನ್ನೋ ಫೋಟೊಗ್ರಾಫರ್, ಬಾರ್ನಂ ಹಿಂದೆ ಲಿಂಕನ್ ಪ್ರೇತ ಇರೋ ಫೋಟೊ ತಾನೇ ಮಾಡಿ ಕೋರ್ಟಿಗೆ ತೋರಿಸಿದ. ಆದ್ರೂ ಮಮ್ಲರ್ ಹೇಗೆ ಮಾಡ್ತಿದ್ದ ಅನ್ನೋದಕ್ಕೆ ನೇರ ಪುರಾವೆ ಸಿಗದೆ ಅವನನ್ನ ಬಿಟ್ಟುಬಿಟ್ಟರು. 1872ರ ಸುಮಾರಿಗೆ ನಿಜವಾದ ಲಿಂಕನ್‌ರ ವಿಧವೆ ಮೇರಿ ಅವನ ಕ್ಯಾಮೆರಾ ಮುಂದೆ ಕೂತರು. ಆ ಫೋಟೊದಲ್ಲಿ ಲಿಂಕನ್ ಹೆಂಡತಿಯ ಭುಜದ ಮೇಲೆ ಕೈ ಇಟ್ಟಿದ್ದಾರೆ. ಗಂಡನನ್ನೂ ಮೂರು ಮಕ್ಕಳನ್ನೂ ಕಳೆದುಕೊಂಡಿದ್ದ ಹೆಂಗಸು ಅವರು.

ಬ್ರೂಸ್ಟರ್ ದೆವ್ವಕ್ಕೂ ಮಮ್ಲರ್ ದೆವ್ವಕ್ಕೂ ಕಣ್ಣಿಗೆ ಕಾಣೋ ವ್ಯತ್ಯಾಸ ಹೆಚ್ಚಿಲ್ಲ. ವ್ಯತ್ಯಾಸ ಇರೋದು ನೋಡುವವರಿಗೆ ಏನು ಹೇಳಿದ್ರು ಅನ್ನೋದರಲ್ಲಿ.

ನೀವು ಮಾಡಿ ನೋಡೋದಾದ್ರೆ: ಫೋನ್‌ನ ಪ್ರೊ ಮೋಡ್, ಟ್ರೈಪಾಡ್, ಶಟರ್ 8 ಸೆಕೆಂಡ್, ಐಎಸ್‌ಒ 50 ಅಥವಾ 100. ಕತ್ತಲಾಗ್ತಾ ಬಂದಿರಬೇಕು, ಇಲ್ಲಾಂದ್ರೆ ಎಲ್ಲಾ ಬೆಳ್ಳಗಾಗುತ್ತೆ. ದೆವ್ವ 4 ಸೆಕೆಂಡ್ ಅಲ್ಲಾಡದೆ ನಿಂತು, ಸರ್ರನೆ ಫ್ರೇಮಿಂದ ಆಚೆ ಹೋಗಬೇಕು. ಬಟ್ಟೆ ಬಿಳಿ, ಹಿನ್ನೆಲೆ ಕಪ್ಪು ಇದ್ರೆ ಚೆನ್ನಾಗಿ ಮೂಡುತ್ತೆ.

ಭಾಗ 5/9: ಬೆಳಕನ್ನ ಹೊತ್ತುಕೊಂಡು ಹೋದವನು

ಮಮ್ಲರ್ ಸ್ಟುಡಿಯೊದಲ್ಲಿ ಕೂತಿದ್ದ ಅದೇ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಬೆಳಕನ್ನೇ ಹೊತ್ತುಕೊಂಡು ಲೊಕೇಶನ್‌ಗೆ ಹೋದ. ಅವನು ನಡಾರ್. ನಿಜವಾದ ಹೆಸರು ಗಾಸ್ಪಾರ್ ಫೆಲಿಕ್ಸ್ ಟೂರ್ನಾಶೋಂ. ಪ್ಯಾರಿಸ್‌ನ ನೆಲದಡಿ ಹಳೇ ಕಲ್ಲುಗಣಿಗಳ ಸುರಂಗ ಇದೆ. ಊರೊಳಗಿನ ತುಂಬಿಹೋದ ಸ್ಮಶಾನಗಳಿಂದ ತೆಗೆದ ಸುಮಾರು 60 ಲಕ್ಷ ಜನರ ಮೂಳೆಗಳನ್ನ ಅಲ್ಲಿ ಜೋಡಿಸಿಟ್ಟಿದ್ದಾರೆ. ಅಲ್ಲಿಗೆ ಸೂರ್ಯನ ಬೆಳಕು ಒಂದು ಹನಿಯೂ ಬರಲ್ಲ.

1861-62ರಲ್ಲಿ ನಡಾರ್ ಬ್ಯಾಟರಿಗಳಿಂದ ಉರಿಯೋ ಆರ್ಕ್ ದೀಪ ತಗೊಂಡು ಇಳಿದ. ಬ್ಯಾಟರಿ ದೊಡ್ಡದು, ಎಲ್ಲಾ ಕಡೆ ಕೆಳಗೆ ಇಳಿಸೋಕಾಗಲ್ಲ. ಅದನ್ನ ಮೇಲೆ ರಸ್ತೆಯಲ್ಲೇ ಇಟ್ಟು ಉದ್ದುದ್ದ ತಂತಿ ಬಿಟ್ಟ. ಒಂದೊಂದು ಫೋಟೊಗೆ 18 ನಿಮಿಷದವರೆಗೆ ಎಕ್ಸ್‌ಪೋಷರ್. ಮೂಳೆ ಜೋಡಿಸೋ ಕೆಲಸಗಾರರನ್ನ ತೋರಿಸಬೇಕು, ಆದ್ರೆ ಯಾವ ಮನುಷ್ಯನೂ ಅಷ್ಟು ಹೊತ್ತು ಅಲ್ಲಾಡದೆ ನಿಲ್ಲಲ್ಲ. ಅದಕ್ಕೆ ಗೊಂಬೆಗಳಿಗೆ ಕೆಲಸಗಾರರ ಬಟ್ಟೆ ತೊಡಿಸಿ ನಿಲ್ಲಿಸಿದ. ಇವತ್ತು ಆ ಫೋಟೊ ನೋಡಿದ್ರೆ ಮೂಳೆಗಳಿಗಿಂತ ಆ ಗೊಂಬೆಯೇ ಒಂಥರಾ ಅನ್ಸುತ್ತೆ.

ನಡಾರ್‌ಗೆ ಹೆದರಿಸೋ ಉದ್ದೇಶ ಇರಲಿಲ್ಲ. ಸೂರ್ಯ ಇಲ್ಲದ ಕಡೆಯೂ ಫೋಟೊ ತೆಗೀಬಹುದು ಅಂತ ತೋರಿಸಬೇಕಿತ್ತು. ಅಲ್ಲಿಂದ ಮುಂದೆ ಜನ ಕತ್ತಲಿಗೆ ಬೆಳಕು ಹೊರೋ ಬೇರೆ ಬೇರೆ ದಾರಿ ಹುಡುಕಿದರು. ಮೆಗ್ನೀಸಿಯಂ ತಂತಿ ಬಂತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ, ಯೊಹಾನ್ನೆಸ್ ಗೆಡಿಕೆ ಫ್ಲ್ಯಾಶ್ ಪುಡಿ ಮಾಡಿದರು. ಒಂದೇ ಕ್ಷಣ ಭಗ್ ಅಂತ ಉರಿಯೋದು, ಕೆಲವೊಮ್ಮೆ ಫೋಟೊಗ್ರಾಫರನ್ನೂ ಸುಡೋದು.

ನಮ್ಮ ಪ್ಲಾನಿಂಗ್‌ಗೆ ಇಲ್ಲಿ ಎರಡು ವಿಷಯ ಇದೆ. ಒಂದು, ಕರೆಂಟ್ ಎಲ್ಲಿಂದ ಅಂತ ಹೋಗೋ ಮೊದಲೇ ಯೋಚಿಸಿ. ಟಾರ್ಚಿಗೆ ಹೆಚ್ಚುವರಿ ಸೆಲ್, ಒಂದು ಪವರ್ ಬ್ಯಾಂಕ್. ಫೋನಿನ ಫ್ಲ್ಯಾಶ್ ಟಾರ್ಚನ್ನೇ ನಂಬಿದ್ರೆ ವಾಪಸ್ ಬರೋ ಹೊತ್ತಿಗೆ ಮನೆಗೆ ಕಾಲ್ ಮಾಡೋಕೂ ಚಾರ್ಜ್ ಇರಲ್ಲ. ಎರಡು, ಬೆಂಕಿ ಬೇಡ. ಒಣ ಹುಲ್ಲಿರೋ ಕಡೆ ಪಂಜು, ಪಟಾಕಿ, ಹೊಗೆ ಬಾಂಬ್ ಯಾವುದೂ ಬೇಡ. ಮಂಜಿನ ಹಾಗೆ ಕಾಣಬೇಕಂದ್ರೆ ಗಿಡಕ್ಕೆ ನೀರು ಹೊಡೆಯೋ ಸ್ಪ್ರೇ ಬಾಟಲಿ ತಗೊಂಡು, ಹಿಂದಿನಿಂದ ಟಾರ್ಚ್ ಹಾಕಿ, ಬೆಳಕಿನ ಮುಂದೆ ಸಿಂಪಡಿಸಿ. ಹನಿಗಳು ಹೊಳೆಯೋದು ಬೆಳಕು ಹಿಂದಿನಿಂದ ಬಂದಾಗ. ಮುಂದಿನಿಂದ ಹಾಕಿದ್ರೆ ಏನೂ ಕಾಣಲ್ಲ.

ಭಾಗ 6/9: ಹಗಲಲ್ಲಿ ತೆಗೆದ ರಾತ್ರಿ

ಹೊರಾಂಗಣದಲ್ಲಿ ಭಯ ಹುಟ್ಟಿಸೋದನ್ನ ಕಲಿಸಿದ ಸಿನಿಮಾ ಒಂದಿದೆ. ಜರ್ಮನ್ ನಿರ್ದೇಶಕ ಮುರ್ನಾವ್ ಅವರ ನೊಸ್ಫೆರಾಟು. 1921ರಲ್ಲಿ ಶೂಟಿಂಗ್, 1922ರಲ್ಲಿ ಬಿಡುಗಡೆ. ಆಗಿನ ಬಹಳಷ್ಟು ಜರ್ಮನ್ ಚಿತ್ರಗಳು ಸ್ಟುಡಿಯೊ ಒಳಗೆ ಸೆಟ್ ಹಾಕಿ ತೆಗೆದಂಥವು. ಇವರು ಕ್ಯಾಮೆರಾ ಎತ್ಕೊಂಡು ವಿಸ್ಮಾರ್, ಲ್ಯೂಬೆಕ್ ಊರುಗಳಿಗೆ, ಇವತ್ತಿನ ಸ್ಲೊವಾಕಿಯಾದಲ್ಲಿರೋ ಒರಾವ ಕೋಟೆಗೆ ಹೋದರು.

ಸಮಸ್ಯೆ ಏನಂದ್ರೆ ಅಂದಿನ ಫಿಲ್ಮಿಗೆ ರಾತ್ರಿ ಬೆಳಕು ಸಾಲದು. ಹಾಗಾಗಿ ರಾತ್ರಿ ದೃಶ್ಯವನ್ನ ಹಗಲಲ್ಲೇ ತೆಗೆದು, ಪ್ರಿಂಟ್‌ಗೆ ನೀಲಿ ಬಣ್ಣ ಹಾಕಿದ್ರು. ನೀಲಿ ಅಂದ್ರೆ ರಾತ್ರಿ ಅಂತ ನೋಡುವವರಿಗೆ ಗೊತ್ತಿತ್ತು. ಆಮೇಲೆ ಹರಿದಾಡಿದ ಎಷ್ಟೋ ಕಪ್ಪು ಬಿಳುಪು ಕಾಪಿಗಳಲ್ಲಿ ಆ ನೀಲಿ ಇರಲಿಲ್ಲ. ಬಿಸಿಲಿಗೆ ಸತ್ತುಹೋಗಬೇಕಾದ ಪ್ರೇತ, ಬಟಾ ಬಯಲು ಬಿಸಿಲಲ್ಲಿ ತನ್ನ ಶವಪೆಟ್ಟಿಗೆ ತಾನೇ ಹೊತ್ಕೊಂಡು ಬೀದಿಯಲ್ಲಿ ಹೋಗ್ತಾ ಇರುತ್ತೆ! ಕಾಡಿನ ದಾರಿಯ ಒಂದು ದೃಶ್ಯಕ್ಕೆ ನೆಗೆಟಿವ್ ಚಿತ್ರವನ್ನೇ ಬಳಸಿದ್ರು. ಮರಗಳು ಬೆಳ್ಳಗೆ, ಆಕಾಶ ಕಪ್ಪಗೆ. ಇವತ್ತು ಎಡಿಟಿಂಗ್ ಆ್ಯಪ್‌ನಲ್ಲಿ ಇನ್ವರ್ಟ್ ಅಂತ ಒತ್ತಿದ್ರೆ ಆಗೋದು ಅದೇ.

ಹಗಲಲ್ಲಿ ರಾತ್ರಿ ಮಾಡೋಕೆ ನಾಲ್ಕು ಹೆಜ್ಜೆ. ಸೂರ್ಯ ಮಾಡೆಲ್‌ನ ಹಿಂದೆ ಇರಲಿ, ಕೂದಲಿನ ಅಂಚಿಗೆ ಬೀಳೋ ಬಿಸಿಲು ಬೆಳದಿಂಗಳಾಗುತ್ತೆ. ಫ್ರೇಮ್‌ನಲ್ಲಿ ಆಕಾಶ ಬೇಡ. ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ. ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್ ಹತ್ತಿರ ಇಡಿ, ನೀಲಿ ತಾನಾಗೇ ಬರುತ್ತೆ. ಕತ್ತಲಲ್ಲಿ ಗೆಳತಿಯನ್ನ ಕೆರೆ ಏರಿ ಮೇಲೆ ನಿಲ್ಲಿಸೋ ಅವಶ್ಯಕತೆ ನಮಗೆ ಇರಲೇ ಇಲ್ಲ ಅಂತ ಈ ಭಾಗ ಓದುವಾಗ ನನಗೆ ಹೊಳೀತು.

ಇನ್ನೊಂದು ಕಥೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಕಾದಂಬರಿಯಿಂದ ಈ ಚಿತ್ರದ ಕಥೆ ತಗೊಂಡಿದ್ರು. ಟೈಟಲ್ಲಲ್ಲಿ ಆ ಹೆಸರನ್ನೂ ಹಾಕಿದ್ರು. ಆದ್ರೆ ಅನುಮತಿ ಕೇಳಿರಲಿಲ್ಲ. ಸ್ಟೋಕರ್‌ರ ಹೆಂಡತಿ ಫ್ಲಾರೆನ್ಸ್ ಕೇಸ್ ಹಾಕಿದ್ರು. 1925ರಲ್ಲಿ ಎಲ್ಲಾ ಕಾಪಿಗಳನ್ನ ನಾಶ ಮಾಡಿ ಅಂತ ಆದೇಶ ಆಯ್ತು. ಕೆಲವು ಹೇಗೋ ಉಳಿದಿದ್ದರಿಂದ ನಾವು ನೋಡ್ತಿದ್ದೀವಿ. ಹೆಸರು ಹಾಕಿದ್ರೆ ಸಾಲದು, ಮೊದಲು ಕೇಳಬೇಕು.

ಭಾಗ 7/9: ಕೆಳಗಿನ ಬೆಳಕು

ಟಾರ್ಚ್ ಗಲ್ಲದ ಕೆಳಗೆ ಇಟ್ಕೊಂಡು "ಬ್ಯಾ" ಅಂತ ತಮ್ಮನನ್ನ ಹೆದರಿಸದವರು ಯಾರಿದ್ದೀರಿ? ಇದು ಯಾಕೆ ಕೆಲಸ ಮಾಡುತ್ತೆ ಗೊತ್ತಾ? ಸೂರ್ಯ, ಚಂದ್ರ, ಟ್ಯೂಬ್‌ಲೈಟ್ ಎಲ್ಲಾ ಮೇಲಿಂದ ಬರೋ ಬೆಳಕು. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ನೆರಳು ಇರೋ ಮುಖವನ್ನೇ ಹುಟ್ಟಿದಾಗಿನಿಂದ ನೋಡಿದ್ದೀವಿ. ಬೆಳಕು ಕೆಳಗಿಂದ ಬಂದ್ರೆ ನೆರಳೆಲ್ಲಾ ತಲೆಕೆಳಗು. ಗೊತ್ತಿರೋ ಮುಖ ಗುರುತು ಸಿಗೋಕೆ ಒಂದು ಕ್ಷಣ ಜಾಸ್ತಿ ಬೇಕು. ಆ ಒಂದು ಕ್ಷಣದಲ್ಲೇ ಭಯ ಇರೋದು.

ನಮ್ಮ ಕರಾವಳಿಯ ಯಕ್ಷಗಾನದವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕರೆಂಟ್ ಬರೋ ಮೊದಲು ಆಟ ನಡೀತಿದ್ದಿದ್ದು ದೀವಟಿಗೆ ಬೆಳಕಲ್ಲಿ. ರಾಕ್ಷಸನ ಬಣ್ಣದ ವೇಷ ಪ್ರವೇಶ ಮಾಡುವಾಗ ಉರಿಯೋ ಪಂಜಿಗೆ ರಾಳದ ಪುಡಿ ಎರಚುತ್ತಾರೆ. ಭುಗ್ ಅಂತ ಬೆಂಕಿ ಏಳುತ್ತೆ, ಮುಖದ ಮೇಲಿನ ಚುಟ್ಟಿಯ ಉಬ್ಬುಗಳೆಲ್ಲ ಒಮ್ಮೆಲೇ ನೆರಳು ಬಿಡುತ್ತವೆ. ಸಮತಟ್ಟು ಬೆಳಕಲ್ಲಿ ಆ ಮುಖಕ್ಕೆ ಅಷ್ಟು ರೌದ್ರ ಬರಲ್ಲ.

ಇದಕ್ಕೆ ವಿರುದ್ಧದ ಉದಾಹರಣೆ 1931ರ ಹಾಲಿವುಡ್ ಚಿತ್ರ ಫ್ರಾಂಕನ್‌ಸ್ಟೈನ್. ನಿರ್ದೇಶನ ಜೇಮ್ಸ್ ವೇಲ್, ಮೇಕಪ್ ಜಾಕ್ ಪಿಯರ್ಸ್, ರಾಕ್ಷಸನಾಗಿ ಬೋರಿಸ್ ಕಾರ್ಲಾಫ್. ಸ್ಟುಡಿಯೊ ಒಳಗೆ ಗಾಢ ನೆರಳಲ್ಲಿ ಅವನ ಮುಖ ನೋಡಿದ್ರೆ ಬೆಚ್ಚಿಬೀಳ್ತೀರಿ. ಆದ್ರೆ ಒಂದು ದೃಶ್ಯ ಹೊರಗೆ, ಕ್ಯಾಲಿಫೋರ್ನಿಯಾದ ಮಾಲಿಬು ಲೇಕ್ ದಡದಲ್ಲಿ, ಹಗಲು ಬೆಳಕಲ್ಲಿ ತೆಗೆದಿದ್ದು. ಪುಟ್ಟ ಹುಡುಗಿಯೊಬ್ಬಳು ಅವನಿಗೆ ಹೂ ಕೊಡ್ತಾಳೆ. ಅದೇ ಹೊಲಿಗೆ ಹಾಕಿದ ಹಣೆ, ಅದೇ ಭಾರದ ರೆಪ್ಪೆ. ಅಲ್ಲಿ ಅವನನ್ನ ನೋಡಿದ್ರೆ ಪಾಪ ಅನ್ಸುತ್ತೆ. ಮುಂದಿನ ಕ್ಷಣ ಏನಾಗುತ್ತೆ ಅನ್ನೋದು ಬೇರೆ ವಿಷಯ, ಸಿನಿಮಾ ನೋಡಿ.

ನಮ್ಮ ಶೂಟ್‌ಗೆ: ಪೂರ್ತಿ ಗಲ್ಲದ ಕೆಳಗಿನ ಟಾರ್ಚ್ ಈಗ ತಮಾಷೆಯಾಗಿ ಕಾಣುತ್ತೆ. ಟಾರ್ಚನ್ನ ಸೊಂಟದ ಎತ್ತರಕ್ಕೆ, ಸ್ವಲ್ಪ ಪಕ್ಕಕ್ಕೆ ಇಡಿ. ಮುಂದೆ ಕಿತ್ತಳೆ ಬಣ್ಣದ ಪಾರದರ್ಶಕ ಕಾಗದ ಕಟ್ಟಿ, ನೆಲದಲ್ಲಿ ಇಟ್ಟ ದೀಪದ ಬೆಳಕು ಅನ್ನೋ ಹಾಗಾಗುತ್ತೆ. ಸುತ್ತಲಿನ ಮುಸ್ಸಂಜೆ ನೀಲಿ, ಮುಖ ಕಿತ್ತಳೆ. ಕಣ್ಣಲ್ಲಿ ಬೆಳಕಿನ ಚುಕ್ಕಿ ಬಂದ್ರೆ ಮನುಷ್ಯ ಬದುಕಿದ್ದಾನೆ ಅನ್ಸುತ್ತೆ, ಚುಕ್ಕಿ ಹೋಗೋ ಹಾಗೆ ಟಾರ್ಚ್ ಸರಿಸಿದ್ರೆ ಇಲ್ಲ ಅನ್ಸುತ್ತೆ. ಎರಡನ್ನೂ ತೆಗೆದು ಹೋಲಿಸಿ.

ಭಾಗ 8/9: ಬಿಟ್ಟುಹೋದ ಒಂದು ಸಾಲು

ಕೊನೆಯ ಕಥೆ ಅಮೆರಿಕದ ಪೆನ್ಸಿಲ್ವೇನಿಯಾದ್ದು. 1967ರಲ್ಲಿ ಜಾರ್ಜ್ ರೊಮೆರೊ ಮತ್ತು ಗೆಳೆಯರು ಕಡಿಮೆ ದುಡ್ಡಲ್ಲಿ ಒಂದು ಕಪ್ಪು ಬಿಳುಪು ಚಿತ್ರ ತೆಗೆದ್ರು, 1968ರಲ್ಲಿ ಬಿಡುಗಡೆ ಆಯ್ತು. ನೈಟ್ ಆಫ್ ದಿ ಲಿವಿಂಗ್ ಡೆಡ್. ಇವತ್ತಿನ ಜಾಂಬಿ ಸಿನಿಮಾಗಳೆಲ್ಲ ಒಂದಲ್ಲ ಒಂದು ರೀತಿ ಇದರ ಮಕ್ಕಳು. ರಕ್ತಕ್ಕೆ ಬಳಸಿದ್ದು ಚಾಕೊಲೇಟ್ ಸಿರಪ್, ಕಪ್ಪು ಬಿಳುಪಲ್ಲಿ ಯಾರಿಗೆ ಗೊತ್ತಾಗುತ್ತೆ!

ಮೊದಲ ದೃಶ್ಯ ಇವಾನ್ಸ್ ಸಿಟಿ ಅನ್ನೋ ಊರಿನ ಸ್ಮಶಾನದಲ್ಲಿ, ಹಗಲು ಬೆಳಕಲ್ಲೇ ಇದೆ. ಅಣ್ಣ ತಂಗಿ ಅಪ್ಪನ ಸಮಾಧಿಗೆ ಹೂ ಇಡೋಕೆ ಬಂದಿದ್ದಾರೆ. ದೂರದಲ್ಲಿ ಒಬ್ಬ ನಡ್ಕೊಂಡು ಬರ್ತಿದ್ದಾನೆ. ಚಿಕ್ಕದಾಗಿ, ಮಸುಕಾಗಿ, ಯಾರೋ ಊರಿನವನ ಹಾಗೆ. ಅಣ್ಣ ತಂಗಿಯನ್ನ ರೇಗಿಸ್ತಾ ಇರ್ತಾನೆ. ಆ ಆಕೃತಿ ಹತ್ತಿರ ಬರ್ತಾನೇ ಇರುತ್ತೆ. ಪೋರ್ಟ್ರೇಟ್ ಅಂದ್ರೆ ಮುಖವೇ ಫ್ರೇಮ್ ತುಂಬಬೇಕು ಅಂತ ಇಲ್ಲ. ಒಂದು ಫೋಟೊದಲ್ಲಾದ್ರೂ ನಿಮ್ಮ ಮಾಡೆಲನ್ನ ದೂರ ನಿಲ್ಲಿಸಿ, ಬಯಲು ದೊಡ್ಡದಾಗಿ ಬಿಡಿ. ನೋಡುವವರು ಹುಡುಕಿ ಕಂಡುಕೊಳ್ಳಲಿ.

ಈ ಚಿತ್ರಕ್ಕೆ ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸಿ ಹೊಸ ಟೈಟಲ್ ಕಾರ್ಡ್ ಹಾಕುವಾಗ, ಹಳೇ ಕಾರ್ಡಲ್ಲಿದ್ದ ಹಕ್ಕುಸ್ವಾಮ್ಯದ ಒಂದು ಸಾಲು ಬಿಟ್ಟುಹೋಯ್ತು. ಆಗಿನ ಅಮೆರಿಕದ ಕಾನೂನಲ್ಲಿ ಆ ಸಾಲು ಇಲ್ಲಾಂದ್ರೆ ಹಕ್ಕೂ ಇಲ್ಲ. ಯಾರು ಬೇಕಾದ್ರೂ ಕಾಪಿ ಮಾಡಿದ್ರು, ತೋರಿಸಿದ್ರು, ಮಾರಿದ್ರು. ತೆಗೆದವರಿಗೆ ಬರಬೇಕಾದ ದುಡ್ಡು ಬೇರೆಯವರಿಗೆ ಹೋಯ್ತು. ಒಂದು ಸಾಲು!

ಸ್ಮಶಾನದ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ನಮ್ಮಲ್ಲಿ ಕೆಲವರು ಈ ಸಲ ರುದ್ರಭೂಮಿಗೆ ಹೋಗೋಣ ಅಂದ್ರು. ನಾನು ಬೇಡ ಅಂದೆ. ಅಲ್ಲಿ ಹೋದ ತಿಂಗಳು ಯಾರದೋ ಮನೆಯವರನ್ನ ಮಣ್ಣು ಮಾಡಿರ್ತಾರೆ. ಮಮ್ಲರ್ ದುಡ್ಡಿಗೆ ಬಳಸಿದ್ದೂ ಅಂಥವರ ದುಃಖವನ್ನೇ. ಹಾಗೇ ಭೂತಕೋಲದ ಮುಖವರ್ಣಿಕೆಯನ್ನ ಹಾರರ್ ಮೇಕಪ್ ಅಂತ ಬಳಿದುಕೊಳ್ಳೋದೂ ಬೇಡ. ಅದು ನಂಬಿದವರಿಗೆ ದೈವ.

ಭಾಗ 9/9: ನಮ್ಮ ಪ್ಲಾನು, ಅವಳ ಕ್ಯಾಪ್ಶನ್

ಇಷ್ಟನ್ನೂ ಅವಳಿಗೆ ಕ್ಯಾಂಟೀನಲ್ಲಿ ಕೂತು ಹೇಳಿದೆ. ಮಮ್ಲರ್ ಕಥೆ ಬಂದಾಗ ಟೀ ಲೋಟ ಕೆಳಗಿಟ್ಟಳು. "ಅಂದ್ರೆ ನಾವು ಮಾಡಿದ್ದು ಬಯಾರ್ ಥರ ಫೋಟೊ, ಬಿಟ್ಟಿದ್ದು ಮಮ್ಲರ್ ಥರ" ಅಂದಳು. ಹೌದು ಅಂದೆ. ಬೇರೆ ಏನು ಹೇಳ್ಲಿ? ಫಾರ್ವರ್ಡ್ ಮಾಡಿದವನದು ತಪ್ಪು ಅಂತ ಒಂದು ವರ್ಷ ಹೇಳ್ಕೊಂಡು ಓಡಾಡಿದ್ದೆ. ಜಾಗ ಖಾಲಿ ಬಿಟ್ಟಿದ್ದು ನಾನು, ಅವನು ತುಂಬಿದ.

ಅವಳು ಒಪ್ಪಿದಳು. ಪ್ಲಾನ್ ಇದು. ನಿಮ್ಮ ಶೂಟ್‌ಗೂ ಬಳಸ್ಕೊಳ್ಳಿ, ಸೇವ್ ಮಾಡಿಟ್ಕೊಳ್ಳಿ.

ಜಾಗ: ಕೆರೆ ಏರಿ ಅಲ್ಲ. ಕ್ಲಾಸ್‌ಮೇಟ್ ಒಬ್ಬನ ಮನೆಯ ತೆಂಗಿನ ತೋಟ. ಅವನ ಅಪ್ಪನ ಹತ್ತಿರ ಕೇಳಿ, ಅವರು ಹೂಂ ಅಂದಿದ್ದಾರೆ. ಜನ ಓಡಾಡೋ ದಾರಿ ಫ್ರೇಮ್‌ನಲ್ಲಿ ಬರಲ್ಲ.

5 ಗಂಟೆ: ತಲುಪಿ ನೆಲ ನೋಡೋದು. ಗುಂಡಿ, ಗಾಜು, ಹಾವಿನ ಬಿಲ, ಒಣಗಿದ ಗರಿ. ಬೆಳಕಲ್ಲೇ ನೋಡಬೇಕು.

5.30: ಹಗಲಲ್ಲಿ ರಾತ್ರಿ. ಸೂರ್ಯ ಹಿಂದೆ, ಆಕಾಶ ಬೇಡ, ವೈಟ್ ಬ್ಯಾಲೆನ್ಸ್ 3200.

ಸೂರ್ಯ ಮುಳುಗಿದ ಮೇಲಿನ 20-25 ನಿಮಿಷ: ಮುಖ್ಯ ಪೋರ್ಟ್ರೇಟ್. ಆಕಾಶದಲ್ಲಿ ನೀಲಿ ಇನ್ನೂ ಇರುತ್ತೆ, ಟಾರ್ಚಿನ ಬೆಳಕೂ ಕಾಣುತ್ತೆ. ಆಮೇಲೆ ಆಕಾಶ ಬರೀ ಕಪ್ಪು. ಅದಕ್ಕೇ ಪೋಸ್ ಎಲ್ಲಾ ಮೊದಲೇ ಅಭ್ಯಾಸ ಮಾಡಿರಬೇಕು.

ಅದಾದ ಮೇಲೆ: ಬ್ರೂಸ್ಟರ್ ದೆವ್ವ, 8 ಸೆಕೆಂಡ್, ನಾಲ್ಕೇ ನಾಲ್ಕು ಪ್ರಯತ್ನ.

7.15: ಪ್ಯಾಕಪ್. ಎಲ್ಲರೂ ಒಟ್ಟಿಗೆ ವಾಪಸ್.

ಕೆಲಸ ಹಂಚಿಕೆ: ಒಬ್ಬರು ಕ್ಯಾಮೆರಾ, ಒಬ್ಬರು ಟಾರ್ಚ್, ಒಬ್ಬರು ನೀರಿನ ಸ್ಪ್ರೇ. ಇನ್ನೊಬ್ಬರು ತೋಟದ ಗೇಟಲ್ಲಿ ನಿಂತು, ಆ ಕಡೆ ಹೋಗೋರಿಗೆ "ಇಲ್ಲಿ ಫೋಟೊ ತೆಗೀತಿದ್ದೀವಿ ಅಕ್ಕ, ಹೆದರ್ಕೋಬೇಡಿ" ಅಂತ ಹೇಳೋದು. ಈ ನಾಲ್ಕನೇ ಕೆಲಸ ನಂದು. ಕ್ಯಾಮೆರಾ ಅವಳು ಆರಿಸಿದ ಇನ್ನೊಬ್ಬಳ ಕೈಗೆ.

ಬಯಾರ್ ಫೋಟೊ ಹಿಂದೆ ಬರೆದ. ಫೋನ್ ಫೋಟೊಗೆ ಹಿಂಬದಿ ಇಲ್ಲ, ಕೆಳಗಿನ ಕ್ಯಾಪ್ಶನ್ ಯಾರು ಬೇಕಾದ್ರೂ ಕತ್ತರಿಸಬಹುದು. ಹಾಗಾಗಿ ಒಂದು ಹಳೇ ಸ್ಲೇಟ್ ತಗೊಂಡಿದ್ದೀವಿ. ಸೀಮೆಸುಣ್ಣದಲ್ಲಿ ಬರೆದು ಅವಳ ಕಾಲ ಹತ್ತಿರ, ಟಾರ್ಚ್ ಬೆಳಕು ಬೀಳೋ ಕಡೆ ಇಡ್ತೀವಿ. ಅದನ್ನ ಕತ್ತರಿಸಿದ್ರೆ ಕಾಲೂ ಹೋಗುತ್ತೆ, ಚಿತ್ರ ಕೆಡುತ್ತೆ. ಸ್ಲೇಟ್ ಮೇಲೆ ಏನು ಬರೀಬೇಕು ಅಂತ ಅವಳೇ ನಿರ್ಧಾರ ಮಾಡಿದ್ದಾಳೆ:

"ಇದು ನಾನು, ಎರಡನೇ ವರ್ಷ ಬಿ.ಎ. ಸೀರೆ ಅಜ್ಜೀದು, ಬೆಳಕು ಟಾರ್ಚಿಂದು. ದಾರಿಯಲ್ಲಿ ಏನೂ ಇಲ್ಲ, ಹೋಗಿ ಬನ್ನಿ."

ಸೀರೆ ಕೊಡುವಾಗ ಅಜ್ಜಿ ಒಂದೇ ಮಾತು ಹೇಳಿದ್ರಂತೆ, ಕೆಸರು ಮಾಡ್ಕೋಬೇಡ ಅಂತ.

ಶನಿವಾರ ಶೂಟ್. ಫೋಟೊ ಭಾನುವಾರ ಹಾಕ್ತೀವಿ. ಯಾರಿಗಾದ್ರೂ ಕಳಿಸೋದಾದ್ರೆ ಸ್ಲೇಟ್ ಸಮೇತ ಕಳಿಸಿ.

#ಕನ್ನಡ #ಫೋಟೊಇತಿಹಾಸ #ಹಗಲುರಾತ್ರಿ